ಟ್ರೇಲರ್ ಟೈರ್ ತಗೊಳೋವಾಗ ಬಟನ್ ಅಲ್ಲ, ತೂಕ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಾವು ಮೂಲ ದಾವಣಗೆರೆಯವರು, ಈಗ ಟೆಕ್ಸಸ್‌ನ ಆಸ್ಟಿನ್ ಹತ್ರ ಇದೀವಿ. ಹೋದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ 30 ಅಡಿ ಟ್ರಾವೆಲ್ ಟ್ರೇಲರ್ (ಪಿಕಪ್ ಹಿಂದೆ ಎಳ್ಕೊಂಡು ಹೋಗೋ ಮನೆ) ತಗೊಂಡ್ವಿ, 2018ರ ಮಾಡೆಲ್, ಎರಡು ಆಕ್ಸಲ್, ಫುಲ್ ಲೋಡ್ ಆದಾಗ 9,800 ಪೌಂಡ್ ಮೀರಬಾರದು ಅಂತ ಸ್ಟಿಕ್ಕರ್ ಮೇಲಿದೆ. ಮೊನ್ನೆ ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್ ನೋಡ್ಕೊಂಡು ವಾಪಸ್ ಬರ್ತಾ ಐ-10 ಹೈವೇಲಿ ಬಲಗಡೆ ಹಿಂದಿನ ಟೈರ್ ಸಿಡೀತು. ಊರಿಂದ ಬಂದಿದ್ದ ಅಪ್ಪ ಅಮ್ಮ ಪಿಕಪ್‌ನಲ್ಲಿ ನಮ್ ಜೊತೇಲೇ ಇದ್ರು, ತುಂಬಾ ಹೆದರಿಬಿಟ್ರು. ಆ ಟೈರ್ ಬಟನ್ (ರಸ್ತೆಗೆ ತಾಗೋ ಉಬ್ಬು ರಬ್ಬರ್) ಹೊಸದರ ತರಾನೇ ಇತ್ತು ಸರ್, ಅದೇ ಅರ್ಥ ಆಗ್ತಿಲ್ಲ. ಈಗಿರೋದು ಎಸ್‌ಟಿ (ಟ್ರೇಲರ್‌ಗೆ ಅಂತಲೇ ಮಾಡೋ ಟೈರ್) 225/75 ಆರ್ 15, ಲೋಡ್ ರೇಂಜ್ (ಭಾರ ಹೊರೋ ದರ್ಜೆ) ಇ. ಅಂಗಡಿಯವರು ಡಿ ಹಾಕಿದ್ರೂ ನಡೆಯುತ್ತೆ, ಕಮ್ಮಿಗೆ ಬರುತ್ತೆ ಅಂದ್ರು. ಫ್ರೆಂಡ್ ಒಬ್ರು ಎಸ್‌ಟಿ ನಂಬಬೇಡ, ಪಿಕಪ್‌ಗೆ ಹಾಕೋ ಎಲ್‌ಟಿ ಹಾಕು ಅಂತಾರೆ. ಸಿಡಿದಿರೋದು ಒಂದೇ, ಒಂದೇ ಬದಲಾಯಿಸಿದ್ರೆ ಸಾಕಾ? - ಓದುಗ, ಆಸ್ಟಿನ್

ಉತ್ತರ: ಯಾರಿಗೂ ಏನೂ ಆಗಲಿಲ್ವಲ್ಲ, ಮೊದಲು ಅದೇ ಸಮಾಧಾನ. ಅಪ್ಪ ಅಮ್ಮ ಗಾಡೀಲಿದ್ರು ಅಂತ ಓದಿ ನನಗೂ ಎದೆ ಧಸಕ್ ಅಂತು.

ಒಂದು ಬೇಡ. ನಾಲ್ಕೂ ಬದಲಾಯಿಸಿ, ಸ್ಟೆಪ್ನಿ ಸೇರಿ ಐದು. ಖರ್ಚು ಗೊತ್ತು, ಆದ್ರೂ ಹೇಳ್ತೀನಿ. ಇವತ್ತು ಸಂಜೆ ಒಂದು ಕೆಲಸ ಮಾಡಿ, ಟಾರ್ಚ್ ಹಿಡ್ಕೊಂಡು ಟೈರ್ ಪಕ್ಕ ಕೂತು ಡಾಟ್ (DOT) ಅಂತ ಶುರುವಾಗೋ ನಂಬರ್ ಹುಡುಕಿ, ಅದರ ಕೊನೇ ನಾಲ್ಕು ಅಂಕಿ ನೋಡಿ. 2318 ಅಂತಿದ್ರೆ 2018ರ 23ನೇ ವಾರ ತಯಾರಾದದ್ದು ಅಂತ ಅರ್ಥ. ಹೊರಗಡೆ ಪೂರ್ತಿ ನಂಬರ್ ಕಾಣದಿದ್ರೆ ಗಾಬರಿ ಬೇಡ, ಎಷ್ಟೋ ಟೈರಲ್ಲಿ ಡೇಟ್ ಒಂದೇ ಕಡೆ ಇರುತ್ತೆ, ಆ ಕಡೆ ಒಳಮುಖವಾಗಿ ಫಿಟ್ ಆಗಿದ್ರೆ ಟ್ರೇಲರ್ ಕೆಳಗೆ ತಲೆ ಹಾಕೇ ಓದಬೇಕು. ನಿಮ್ಮದು ಗಾಡಿ ಜೊತೆ ಬಂದ ಟೈರೇ ಆಗಿದ್ರೆ ಅದರ ಆಯಸ್ಸು ಮುಗಿದಿದೆ. ಟ್ರೇಲರ್ ಟೈರ್ ಸವೆದು ಸಾಯೋದು ಕಮ್ಮಿ, ವಯಸ್ಸಾಗಿ ಸಾಯೋದೇ ಜಾಸ್ತಿ. ವರ್ಷದಲ್ಲಿ ಮುನ್ನೂರು ದಿನ ಬಿಸಿಲಲ್ಲಿ ಒಂದೇ ಜಾಗದಲ್ಲಿ ಭಾರ ಹೊತ್ತು ನಿಂತಿರುತ್ತೆ, ರಬ್ಬರ್ ಒಣಗುತ್ತೆ, ಒಳಗಿರೋ ಸ್ಟೀಲ್ ಬೆಲ್ಟ್‌ಗೂ ರಬ್ಬರ್‌ಗೂ ಇರೋ ಹಿಡಿತ ಬಿಡ್ತಾ ಹೋಗುತ್ತೆ, ಮೇಲೆ ಬಟನ್ ಮಾತ್ರ ಶೋರೂಮಿಂದ ಈಗ ತಂದ ಹಾಗೇ ಇರುತ್ತೆ. ಅದಕ್ಕೇ ಐದಾರು ವರ್ಷಕ್ಕೆ ಬದಲಾಯಿಸಿ ಅನ್ನೋದು, ಬಟನ್ ಎಷ್ಟೇ ಇರಲಿ.

ಇನ್ನೊಂದು ವಿಷಯ. ಬಲಗಡೆ ಹಿಂದಿನದು ಸಿಡಿದಾಗ ಅದರ ಭಾರ ಎಲ್ಲಿಗೆ ಹೋಯ್ತು ಹೇಳಿ? ಬಲಗಡೆ ಮುಂದಿನದರ ಮೇಲೆ. ನೀವು ಗಾಡಿ ಸೈಡಿಗೆ ಹಾಕೋವರೆಗೂ ಆ ಒಂದೇ ಟೈರ್ ಹೆಚ್ಚುಕಮ್ಮಿ ಎರಡು ಟೈರಿನ ಭಾರ ಹೊತ್ತಿದೆ. ಹೊರಗಿಂದ ಚೆನ್ನಾಗೇ ಕಾಣುತ್ತೆ, ಒಳಗೆ ಏನಾಗಿದೆ ಅಂತ ಯಾರಿಗೂ ಕಾಣಲ್ಲ. ಅದನ್ನ ನಂಬಿ ಮತ್ತೆ ಅಪ್ಪ ಅಮ್ಮನ್ನ ಕೂರಿಸ್ಕೊಂಡು ಹೋಗಬೇಡಿ.

ನಂದೂ ಒಂದು ಸಲ ಹೀಗೇ ಆಗಿತ್ತು, ನ್ಯೂ ಮೆಕ್ಸಿಕೋದಲ್ಲಿ ಐ-40 ಮೇಲೆ. ಗಾಳಿ ಹೋಗಿದ್ದು ಆಮೇಲೆ, ಮೊದಲು ಬಟನ್ ಪಟ್ಟಿ ಕಿತ್ಕೊಂಡು ಪಟಪಟ ಅಂತ ಮಡ್‌ಗಾರ್ಡ್‌ಗೆ ಬಡೀತಾ ಇತ್ತು. ನಿಲ್ಲಿಸಿ ಬಗ್ಗಿ ನೋಡಿದ್ರೆ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಹರಿದು ನೇತಾಡ್ತಿದೆ, ಬ್ರೇಕ್ ವೈರ್ ಕಟ್ಟಾಗಿದೆ, ಗ್ಯಾಸ್ ಪೈಪ್ ಪಕ್ಕದಲ್ಲೇ ಸ್ಟೀಲ್ ತಂತಿ ಗೀರಿರೋ ಹೊಸಾ ಗುರುತು ಫಳಫಳ ಹೊಳೀತಿದೆ. ಬೆರಳಗಲ ಈಚೆ ಬಂದಿದ್ರೆ ಅನ್ನೋದು ನೆನೆದ್ರೆ ಈಗಲೂ ಮೈ ಜುಂ ಅನ್ನುತ್ತೆ. ನೀವೂ ಒಂದು ಸಲ ಗಾಡಿ ಕೆಳಗಿನ ಪೈಪು ವೈರು ಎಲ್ಲ ಚೆಕ್ ಮಾಡಿಸಿ, ಟೈರ್ ಹಾಕಿಸಿ ಸುಮ್ಮನಾಗಬೇಡಿ.

ಈಗ ಯಾವ ಟೈರ್ ಅನ್ನೋದು. ಬ್ರ್ಯಾಂಡ್ ಆಮೇಲೆ, ಮೊದಲು ಲೆಕ್ಕ. ನಿಮ್ಮ 9,800 ಪೌಂಡ್ ಅಂದ್ರೆ ನಾಲ್ಕೂವರೆ ಟನ್ ಹತ್ರ. ಅದರಲ್ಲಿ ಸುಮಾರು 12 ಪರ್ಸೆಂಟ್ ಪಿಕಪ್ಪಿನ ಹಿಚ್ (ಟ್ರೇಲರ್ ಸಿಕ್ಕಿಸೋ ಕೊಂಡಿ) ಹೊರುತ್ತೆ ಅಂದ್ಕೊಳ್ಳಿ, ಉಳಿದದ್ದು 8,600 ಚಿಲ್ಲರೆ, ನಾಲ್ಕು ಟೈರಿಗೆ ಹಂಚಿದ್ರೆ ತಲಾ 2,156 ಬರುತ್ತೆ. ಆದ್ರೆ ಗಾಡಿ ಯಾವತ್ತೂ ಸಮ ಹಂಚಲ್ಲ. ಕಿಚನ್, ಫ್ರಿಜ್, ಸ್ಲೈಡ್‌ಔಟ್ (ಹೊರಗೆ ಚಾಚೋ ಕೋಣೆ ಭಾಗ) ಒಂದೇ ಕಡೆ ಇದ್ರೆ ಆ ಕಡೆ ಟೈರಿಗೆ 2,350 ಬಿದ್ರೂ ಆಶ್ಚರ್ಯ ಇಲ್ಲ. ನೀರಿನ ಟ್ಯಾಂಕ್ ಲೆಕ್ಕಾನೂ ಮರೀಬೇಡಿ, 50 ಗ್ಯಾಲನ್ ತುಂಬಿಸಿದ್ರೆ ಅದೇ 417 ಪೌಂಡ್. ಲೋಡ್ ರೇಂಜ್ ಡಿ ಈ ಸೈಜಲ್ಲಿ 65 ಪಿಎಸ್‌ಐ ಗಾಳಿ ಒತ್ತಡಕ್ಕೆ 2,540 ಪೌಂಡ್ ಹೊರುತ್ತೆ, ಇ ಆದ್ರೆ 80 ಪಿಎಸ್‌ಐಗೆ 2,830. ಡಿ ಹಾಕಿದ್ರೆ ಭಾರದ ಕಡೆ ಉಳಿಯೋದು 190 ಪೌಂಡ್ ಅಷ್ಟೇ, ಇ ಹಾಕಿದ್ರೆ 480. ನನ್ ಲೆಕ್ಕದಲ್ಲಿ ಹೊರೋ ಭಾರಕ್ಕಿಂತ 20 ಪರ್ಸೆಂಟ್ ಹೆಚ್ಚು ತಾಕತ್ತು ಟೈರಿಗೆ ಇರಲೇಬೇಕು. ಅದೂ ಬಿಡಿ, ಗಾಡಿ ಸ್ಟಿಕ್ಕರ್ ಮೇಲೆ ಇ ಅಂತಿದ್ರೆ ಅದಕ್ಕಿಂತ ಕೆಳಗೆ ಇಳಿಯೋ ಮಾತೇ ಇಲ್ಲ, ಯಾರೇ ಹೇಳಲಿ.

ಇದನ್ನ ಊಹೆ ಮೇಲೆ ಬಿಡದೆ ಒಂದು ಸಲ ತೂಕ ಹಾಕಿಸಿಬಿಡಿ. ಹೈವೇ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತಲ್ಲ, ನಮ್ಮೂರ ವೇ ಬ್ರಿಡ್ಜ್ ತರಾನೇ, ಆದ್ರೆ ಪಿಕಪ್ ಆಕ್ಸಲ್ ಬೇರೆ ಟ್ರೇಲರ್ ಆಕ್ಸಲ್ ಬೇರೆ ತೋರಿಸುತ್ತೆ. ಟ್ರಿಪ್‌ಗೆ ಹೊರಡೋ ದಿನವೇ ಹೋಗಿ, ನೀರು, ಗ್ಯಾಸು, ಪಾತ್ರೆ, ಅಕ್ಕಿಮೂಟೆ ಎಲ್ಲಾ ಇರಲಿ, ಖಾಲಿ ಗಾಡಿ ತೂಗಿ ಏನೂ ಪ್ರಯೋಜನ ಇಲ್ಲ.

ಎಲ್‌ಟಿ ಬಗ್ಗೆ ನಿಮ್ ಫ್ರೆಂಡ್ ಹೇಳಿದ್ದರಲ್ಲಿ ಪೂರ್ತಿ ಸುಳ್ಳಿಲ್ಲ, 16 ಇಂಚ್ ರಿಮ್ ಇರೋ ದೊಡ್ಡ ಗಾಡಿಗಳಿಗೆ ಕೆಲವರು ಎಲ್‌ಟಿ ಹಾಕ್ತಾರೆ, ತೂಕ ಹೊಂದಿದ್ರೆ ನಡೆಯುತ್ತೆ. ಆದ್ರೆ ನಿಮ್ಮದು 15 ಇಂಚ್. ಎಲ್‌ಟಿ 235/75 ಆರ್ 15 ಲೋಡ್ ರೇಂಜ್ ಸಿ ತಗೊಂಡ್ರೆ ಅದು ಹೊರೋದು 1,985 ಪೌಂಡ್, ನಿಮಗೆ ಬೇಕಿರೋದಕ್ಕೆ ಹತ್ರಾನೂ ಬರಲ್ಲ. ಎಸ್‌ಟಿ ಟೈರ್ ಪಕ್ಕದ ಗೋಡೆ ಗಟ್ಟಿ ಮಾಡಿರೋದೇ ಇದಕ್ಕೆ. ಎರಡು ಆಕ್ಸಲ್ ಗಾಡೀನ ಕ್ಯಾಂಪ್‌ಸೈಟಲ್ಲಿ ರಿವರ್ಸ್ ಹಾಕ್ತಾ ಪೂರ್ತಿ ತಿರುಗಿಸಿದಾಗ ಕೆಳಗೆ ಟೈರ್ ನೋಡಿದೀರಾ, ಪಾಪ ಅವು ಉರುಳೋದಿಲ್ಲ, ನೆಲಕ್ಕೆ ಅಂಟ್ಕೊಂಡು ಪಕ್ಕಕ್ಕೆ ಎಳೆದಾಡಿಸ್ಕೊಳ್ತವೆ, ರಿಮ್ ಒಂದು ಕಡೆ ಟೈರ್ ಒಂದು ಕಡೆ ತಿರುಚಿಕೊಂಡಿರುತ್ತೆ. ಆದಷ್ಟು ದೊಡ್ಡ ತಿರುವು ತಗೊಳ್ಳಿ.

ಬ್ರ್ಯಾಂಡ್ ಕೇಳ್ತೀರಾ ಅಂತ ಗೊತ್ತು. ನಾನು ಹಾಕಿರೋದು ಗುಡ್‌ಇಯರ್ ಎಂಡ್ಯೂರೆನ್ಸ್, ನಿಮ್ಮ ಸೈಜಲ್ಲಿ ಅದು ಇ ರೇಂಜಲ್ಲೇ ಬರುತ್ತೆ. ಬೇರೆ ಒಳ್ಳೇವೂ ಇವೆ. ಯಾವುದೇ ತಗೊಳ್ಳಿ, ಫಿಟ್ ಮಾಡೋಕೆ ಮುಂಚೆ ಅಂಗಡೀಲೇ ಡೇಟ್ ಓದಿ, ಗೋಡೌನಲ್ಲಿ ಎರಡು ವರ್ಷ ಬಿದ್ದಿದ್ದನ್ನ ಹೊಸದು ಅಂತ ತಗೋಬೇಡಿ. ರಬ್ಬರ್ ವಾಲ್ವ್ ಬೇಡ, 80 ಪಿಎಸ್‌ಐಗೆ ಮೆಟಲ್ ವಾಲ್ವೇ ಹಾಕಿಸಿ. ಬ್ಯಾಲೆನ್ಸ್ ಮಾಡಿಸಿ.

ಗಾಳಿ ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಪೂರ್ತಿ 80. ಮಧ್ಯಾಹ್ನ ಟೆಕ್ಸಸ್ ಬಿಸಿಲಿಗೆ 90 ದಾಟಿರುತ್ತೆ, ಅದನ್ನ ನೋಡಿ ಗಾಳಿ ಬಿಡಬೇಡಿ, ದಯವಿಟ್ಟು. ಟೈರ್ ಮೇಲೆ ಬರೆದಿರೋದು ತಣ್ಣಗಿದ್ದಾಗಿನ ಲೆಕ್ಕ. ಬಿಸಿ ಟೈರಿಂದ ಗಾಳಿ ಬಿಟ್ರೆ ಅದು ಇನ್ನೂ ಬಳುಕುತ್ತೆ, ಬಳುಕಿದಷ್ಟೂ ಇನ್ನೂ ಬಿಸಿ ಆಗುತ್ತೆ.

ಆಮೇಲೆ ಸ್ಪೀಡು. ನಮ್ ಮಂಡ್ಯ ಕಡೆ ಕಬ್ಬಿನ ಟ್ರೇಲರ್ ನೋಡಿ ಬೆಳೆದವರಿಗೆ ಓವರ್‌ಲೋಡ್ ಅಂದ್ರೆ ಭಯಾನೇ ಇರಲ್ಲ, ಅದು ಟ್ರ್ಯಾಕ್ಟರ್ ಸ್ಪೀಡಲ್ಲಿ ಹೋಗುತ್ತೆ, ಟೈರ್ ತಣ್ಣಗಿರುತ್ತೆ. ವೆಸ್ಟ್ ಟೆಕ್ಸಸ್ ಐ-10ರಲ್ಲಿ ಬೋರ್ಡ್ 80 ಮೈಲಿ ಅಂತಿರುತ್ತೆ, ರಸ್ತೆ ಖಾಲಿ, ಕಾಲು ತಾನಾಗೇ ಒತ್ತುತ್ತೆ. ಸ್ಪೀಡ್ ರೇಟಿಂಗ್ ಬರೆಯದ ಹಳೇ ಎಸ್‌ಟಿ ಟೈರ್ ಮಾಡಿರೋದು 65 ಮೈಲಿಗೆ. ಹೊಸದರಲ್ಲಿ ಎಲ್ ಅಂತಿದ್ರೆ 75, ಎಮ್ ಅಂತಿದ್ರೆ 81, ಎನ್ ಅಂತಿದ್ರೆ 87. ರೇಟಿಂಗ್ ಇದೆ ಅಂತ ಅಷ್ಟು ಓಡಿಸೋದಲ್ಲ, 62-65 ಸಾಕು. ಕ್ಯಾಲಿಫೋರ್ನಿಯಾಕ್ಕೆ ಹೋದ್ರೆ ಟ್ರೇಲರ್ ಎಳೆಯೋರಿಗೆ 55ರ ಮೇಲೆ ಹೋಗೋ ಹಾಗೇ ಇಲ್ಲ.

ಚಕ್ರ ಹಾಕಿಸಿದ ಮೇಲೆ 10, 25, 50 ಮೈಲಿಗೆ ನಿಲ್ಲಿಸಿ ಟಾರ್ಕ್ ರೆಂಚಲ್ಲಿ ವೀಲ್ ನಟ್ ಚೆಕ್ ಮಾಡಿ. ಟೈರ್ ಗಾಳಿ ಒತ್ತಡ ತೋರಿಸೋ ಟಿಪಿಎಮ್‌ಎಸ್ ಸೆನ್ಸರ್ ಒಂದು ಸೆಟ್ ಹಾಕ್ಕೊಳ್ಳಿ, ಹಿಂದೆ ಟೈರಲ್ಲಿ ಗಾಳಿ ಇಳೀತಿದ್ರೆ ಪಿಕಪ್‌ನಲ್ಲಿ ಕೂತೋರಿಗೆ ಗೊತ್ತಾಗೋಕೆ ಬೇರೆ ದಾರಿ ಇಲ್ಲ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ಟ್ರೇಲರ್‌ನ ನವೆಂಬರಿಂದ ಏಪ್ರಿಲ್‌ವರೆಗೆ ಮನೆ ಮುಂದೇ ನಿಲ್ಲಿಸ್ತೀವಿ. ಟೈರ್ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಬಂದಿದೆ, ನೈಟ್ರೋಜನ್ ಹಾಕಿಸಿದ್ರೆ ಸರಿಹೋಗುತ್ತಾ? - ಓದುಗಿ, ಎಡಿಸನ್

ಉತ್ತರ: ಇಲ್ಲ ಮೇಡಂ, ನೈಟ್ರೋಜನ್ ಬಿರುಕು ಮುಚ್ಚಲ್ಲ, ಮಾಮೂಲಿ ಗಾಳೀನೇ ಸಾಕು. ಡೇಟ್ ನೋಡಿ, ಐದು ವರ್ಷ ದಾಟಿದ್ರೆ ಬಿರುಕು ಸಣ್ಣದೋ ದೊಡ್ಡದೋ ಅಂತ ಯೋಚ್ನೆ ಮಾಡದೆ ಬದಲಾಯಿಸಿ. ಹೊಸದು ಹಾಕಿಸಿದ ಮೇಲೆ ನವೆಂಬರಲ್ಲಿ ನಿಲ್ಲಿಸೋ ಮುಂಚೆ ಗಾಳಿ ಫುಲ್ ಮಾಡಿ, ಚಕ್ರದ ಕೆಳಗೆ ಮರದ ಹಲಗೆ ಕೊಡಿ, ಟೈರ್ ಪೂರ್ತಿ ಕೂರೋಷ್ಟು ಅಗಲ ಇರಲಿ, ಅಂಚು ಹೊರಗೆ ಬರಬಾರದು. ಬಿಳೀ ಕವರ್ ಹಾಕಿ. ಹಿಂದೆ ಬಂಪರಿಗೆ ಸಿಕ್ಕಿಸಿರೋ ಸ್ಟೆಪ್ನಿಗೂ ಒಂದು ಕವರ್ ತಗೊಳ್ಳಿ, ಅದೂ ಅಷ್ಟೇ ಬಿಸಿಲು ತಿಂದಿರುತ್ತೆ, ಅದರ ಡೇಟು, ಗಾಳಿ ಎರಡೂ ಏಪ್ರಿಲಲ್ಲಿ ಗಾಡಿ ತೆಗೆಯೋ ದಿನ ನೋಡಿ.