ರಜೆಯ ಎರಡು ತಿಂಗಳ ಬಾಡಿಗೆ ಯಾರ ತಲೆಗೆ?

(ಗುರುತು ಸಿಗದಂತೆ ಬಡಾವಣೆ, ಕೋರ್ಸು, ಮೊತ್ತಗಳನ್ನು ಬದಲಿಸಿದೆ.)

ತುಮಕೂರಿನ ಬಟವಾಡಿ ಕಡೆ ಮೂವರು ಪದವಿ ವಿದ್ಯಾರ್ಥಿನಿಯರು ಬಾಡಿಗೆ ಮನೆ ಮಾಡಿದ್ದರು. ಬಾಡಿಗೆ 9,000, ಅಡ್ವಾನ್ಸ್ 50,000. ಜುಲೈ 1ರಿಂದ 11 ತಿಂಗಳ ಕರಾರು, ಸಹಿ ಒಬ್ಬಳದೇ. ಮೇ, ಜೂನ್ ರಜೆ ಹತ್ತಿರ ಬಂತು. "ನಾವಿಲ್ಲದ ತಿಂಗಳಿಗೆ ಯಾಕೆ ಕೊಡಬೇಕು?" ಅಂತ ಇಬ್ಬರು ಹಟ ಹಿಡಿದರು. ವಸಂತನರಸಾಪುರದ ಕಾರ್ಖಾನೆಗೆ ತರಬೇತಿಗೆ ಬರುವ ಹುಡುಗಿಯರನ್ನು ಓನರ್‌ಗೆ ಹೇಳದೆ ಇರಿಸೋಣ ಎಂಬ ಮಾತೂ ಬಂತು. ಸಹಿ ಹಾಕಿದವಳಿಗೆ ಪರೀಕ್ಷೆ ಹತ್ತಿರವಿದ್ದರೂ ಓದಾಗದು, ನಿದ್ದೆ ಬಾರದು. ಸಲಹೆ ಕೇಳಲು ನಮ್ಮ ಬಳಿ ಬಂದಳು: "ಅಗ್ರಿಮೆಂಟು ನನ್ನ ಹೆಸರಲ್ಲಿದೆ ಮೇಡಂ. ಏನಾದ್ರೂ ಆದ್ರೆ ಓನರ್ ಆಂಟಿ ನಮ್ಮಪ್ಪಂಗೇ ಫೋನ್ ಮಾಡೋದು."

ಆ ಭಯಕ್ಕೆ ಆಧಾರವಿತ್ತು. ಇಂಥವರಿಗೆ "ಯೋಚನೆ ಮಾಡಬೇಡ" ಎನ್ನುವುದು ಅನ್ಯಾಯ. ಕರಾರುಪತ್ರ ತರಿಸಿ ಜೊತೆಗೆ ಕೂತು ಓದಿದೆವು. ಒಳಬಾಡಿಗೆಗೆ ಕೊಡಕೂಡದು ಎಂಬ ಷರತ್ತು ಇತ್ತು. ಗುಟ್ಟಾಗಿ ಯಾರನ್ನಾದರೂ ಇರಿಸಿದರೆ ಕರಾರು ಮುರಿದಂತೆ. ಖಾಲಿ ಮಾಡಿ ಎನ್ನಲು ಅಷ್ಟು ಸಾಕು. ಬಂದವರು ನಲ್ಲಿ ಮುರಿದರೂ, ಬಾಡಿಗೆ ಬಾಕಿ ಇಟ್ಟರೂ ಅಡ್ವಾನ್ಸ್‌ನಲ್ಲಿ ಹಿಡಿಯುತ್ತಾರೆ. ಗೃಹಜ್ಯೋತಿ ಇರುವ ಮನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಹೊಸಬರು ಇಂಡಕ್ಷನ್ ಒಲೆ, ಕೂಲರ್ ಹಾಕಿಕೊಂಡರೆ ದಾಟುವುದು ಕಷ್ಟವಲ್ಲ.

ಖಾಲಿ ಮಾಡಿದರೆ? ಎರಡು ತಿಂಗಳ ಬಾಡಿಗೆ 18,000 ಉಳಿಯುತ್ತದೆ ಎಂದು ಮೂವರೂ ಎಣಿಸಿದ್ದರು. ಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆ 9,000 ಹಿಡಿಯುತ್ತಾರೆ. ಸಾಮಾನು ಸಾಗಿಸಲು, ಮತ್ತೆ ತರಲು ಟಾಟಾ ಏಸ್‌ಗೆ 5,000. ಉಳಿಯುವುದು 4,000, ತಲೆಗೆ ಸಾವಿರದ ಚಿಲ್ಲರೆ. ಒಂದು ತಿಂಗಳ ಮುಂಚಿತ ನೋಟಿಸು ತಪ್ಪಿದ್ದರೆ ಅದೂ ಇಲ್ಲ. ಜುಲೈನಲ್ಲಿ ಎಲ್ಲರೂ ಮನೆ ಹುಡುಕುವಾಗ ಇದೇ ಬಾಡಿಗೆಗೆ ಸಿಗುವ ಖಾತ್ರಿಯೂ ಇಲ್ಲ.

ಅವರ ಕೈಯಲ್ಲಿದ್ದ ಬಲ ಬೇರೆಡೆ ಇತ್ತು: ಕರಾರು ಮೇ 31ಕ್ಕೆ ಮುಗಿಯುತ್ತದೆ. ಏಪ್ರಿಲ್ ಮೊದಲ ವಾರದಲ್ಲೇ, ಮೂವರೂ ಒಟ್ಟಿಗೆ ಹೋಗಿ ಕೇಳಲು ಹೇಳಿದೆವು: "ಆಂಟಿ, ಮೇ ಪೂರ್ತಿ ಕೊಡ್ತೀವಿ. ಜೂನ್ 1ರಿಂದ ಮತ್ತೆ 11 ತಿಂಗಳಿಗೆ ಬರ್ಕೊಡ್ತೀವಿ. ಜೂನ್ ಒಂದು ತಿಂಗಳು ಅರ್ಧ ತಗೊಳ್ಳಿ." ಮನೆ ಖಾಲಿ ಬೀಳದು, ಬ್ರೋಕರ್ ಖರ್ಚಿಲ್ಲ; ಓನರ್‌ಗೂ ಲಾಭವೇ. ತರಬೇತಿಯ ಹುಡುಗಿಯರ ವಿಷಯವನ್ನೂ ಅಲ್ಲೇ ಬಾಯಿಬಿಟ್ಟು ಕೇಳಬೇಕು. ಒಪ್ಪಿದರೆ ಹೆಸರು, ಆಧಾರ್ ಪ್ರತಿ, ತಾರೀಖು ಸಹಿತ ಬರವಣಿಗೆಯಲ್ಲಿ ಪಡೆದು, ಆ ದಿನದ ಮೀಟರ್ ರೀಡಿಂಗ್ ಫೋಟೋ ತೆಗೆದಿಡಬೇಕು.

ಓನರ್ ಹೊರಗಿನವರು ಬೇಡ ಎಂದರು, ಅರ್ಧ ಬಾಡಿಗೆಗೆ ಒಪ್ಪಿದರು. ಒಟ್ಟು 13,500, ತಲೆಗೆ 4,500. ಊರಿಗೆ ಹೋದವರ ಮಂಚ, ಪುಸ್ತಕ ಅಲ್ಲೇ ಇರುವುದರಿಂದ ಪಾಲು ಸಮವಾಗಿರಲಿ ಎಂಬುದು ನಮ್ಮ ಅಭಿಪ್ರಾಯ. ಮೂವರೂ ಹೆತ್ತವರ ಜೊತೆ ಮಾತಾಡಿ ಒಪ್ಪಿದರು.

ಬೀಗ ಹಾಕುವ ಮನೆಯ ಕೆಲಸವೂ ಸಣ್ಣದಲ್ಲ. ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ, ಮಂಜು ಕರಗಿದ ಮೇಲೆ ಒರೆಸಿ ಬಾಗಿಲು ಸ್ವಲ್ಪ ತೆರೆದೇ ಇಡಬೇಕು. ಮುಚ್ಚಿದರೆ ಬೂಸ್ಟು ಹಿಡಿಯುತ್ತದೆ. ಸಿಲಿಂಡರ್‌ನ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ, ಮೇನ್ ಸ್ವಿಚ್ ಇಳಿಸಬೇಕು. ಎಲ್ಲರೂ ಮರೆಯುವುದು ಬಚ್ಚಲ ಜಾಲರಿಯನ್ನು: ಅದರಡಿ ನಿಂತ ನೀರು ಬೇಸಿಗೆಗೆ ಒಣಗಿದರೆ ಚರಂಡಿ ವಾಸನೆ, ಜಿರಳೆ ನೇರ ಒಳಗೆ ಬರುತ್ತವೆ. ಒಂದು ಚೆಂಬು ನೀರು ಹಾಕಿ, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆರದು. ಬಕೆಟ್ಟು ಬೋರಲು ಹಾಕಿ. ನಿಂತ ನೀರಲ್ಲಿ ಡೆಂಗ್ಯೂ ಸೊಳ್ಳೆ ಮರಿ ಮಾಡುತ್ತದೆ. ಮೇ ಮಳೆಗೆ ಕಿಟಕಿಯ ಚಿಲಕ ಭದ್ರವಿರಲಿ, ಪುಸ್ತಕ ನೆಲದಲ್ಲಿ ಬೇಡ. ಹೊರಡುವ ದಿನ ಗೋಡೆ, ನಲ್ಲಿ, ಸ್ವಿಚ್‌ಬೋರ್ಡಿನ ಫೋಟೋ ತೆಗೆದು ಓನರ್‌ಗೂ ಕಳಿಸಬೇಕು.

ಹೊಸ ಕರಾರಿಗೆ ಮೂವರೂ ಸಹಿ ಹಾಕಿದರು. ನಡುವೆ ಒಬ್ಬಳು ಬಿಟ್ಟರೆ, ಬದಲಿಗೆ ಬಂದವಳು ಅಡ್ವಾನ್ಸ್ ಕೊಟ್ಟ ಮೇಲೆಯೇ ಬಿಟ್ಟವಳ ಪಾಲು ವಾಪಸ್ಸು ಎಂದು ತಮ್ಮೊಳಗೆ ಬೇರೆ ಹಾಳೆಯಲ್ಲಿ ಬರೆದುಕೊಂಡರು.