ಶಾಸಕರು ಕೆಲಸ ಮಾಡುವುದು ವೋಟು ಹಾಕಿದವರಿಗಾ, ದುಡ್ಡು ಕೊಟ್ಟವರಿಗಾ?

ಊರವರ ಕಣ್ಣಿಗೆ ಬೀಳುವ ವಿಷಯದಲ್ಲಿ ಮತದಾರರ ಮಾತು ನಡೆಯುತ್ತದೆ. ಕಣ್ಣಿಗೆ ಬೀಳದ ಕಡೆ ದುಡ್ಡು ಕೊಟ್ಟವರ ಪ್ರಭಾವ ಜಾಸ್ತಿ.

ಕೇರಳದಲ್ಲಿದ್ದರೂ ಕನ್ನಡ ಮಾತಾಡುವವರು ಬಹಳ ಇರುವ ನಮ್ಮ ಮಂಜೇಶ್ವರ ಕ್ಷೇತ್ರವನ್ನೇ ನೋಡಿ. 2016ರಲ್ಲಿ ಇಲ್ಲಿ ಗೆಲುವಿನ ಅಂತರ ಬರೀ 89 ವೋಟು. ಕನ್ನಡ ಶಾಲೆಗೆ ಕನ್ನಡ ಬಾರದ ಮಾಸ್ಟ್ರನ್ನು ಹಾಕಿದರೆ ಇಲ್ಲಿನ ಶಾಸಕರು ಸುಮ್ನೆ ಕೂರುವ ಹಾಗಿಲ್ಲ. ಒಂದು ಶಾಲೆಯ ಪೋಷಕರು ಮುನಿಸಿಕೊಂಡರೂ ಸೀಟು ಹೋಗಬಹುದು, ಅಲ್ವಾ? 2021ರಲ್ಲಿ ಗೆದ್ದ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲೇ.

ಆದರೆ ತೆರಿಗೆಯದ್ದೋ ಟೆಂಡರಿನದ್ದೋ ನಿಯಮ ಬದಲಾದರೆ ನಮಗೆ ಗೊತ್ತೇ ಆಗುವುದಿಲ್ಲ. ಅಭ್ಯರ್ಥಿಯ ಖರ್ಚಿಗೆ ಮಿತಿ ಇದೆ, ಪಕ್ಷದ ಖರ್ಚಿಗೆ ಇಲ್ಲ. ಹಾಗಾಗಿ ದೊಡ್ಡ ದುಡ್ಡು ಪಕ್ಷಕ್ಕೆ ಹೋಗುತ್ತದೆ. ಟಿಕೆಟ್ ಕೊಡುವುದೂ ಪಕ್ಷವೇ. ಹೆಸರು ಹೊರಗೆ ಬಾರದ ಹಾಗೆ ಪಕ್ಷಕ್ಕೆ ದುಡ್ಡು ಕೊಡಲು ಇದ್ದ ಚುನಾವಣಾ ಬಾಂಡ್ ಕೊಂಡವರ ಹೆಸರು ಕೂಡ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲಷ್ಟೇ ಹೊರಬಂತು.