ಲಿಫ್ಟಿನ ಒಂದು ತೋಳು ಕೆಳಗಿದ್ದರೆ

ಪ್ರಶ್ನೆ: ನಮ್ಮ ಗ್ಯಾರೇಜಿನ ಎರಡು ಕಂಬದ ಲಿಫ್ಟಿನಲ್ಲಿ ಕಾರು ಎತ್ತಿದಾಗ ಒಂದು ಬದಿ ತುಸು ಕೆಳಗಿರುತ್ತದೆ. ಹಾಗೇ ಕೆಲಸ ಮಾಡಬಹುದೇ?
– ಓದುಗರು, ಜೇವರ್ಗಿ

ಉತ್ತರ: ಬೇಡ. ಕಾರನ್ನು ನಿಧಾನಕ್ಕೆ ಇಳಿಸಿ, ಖಾಲಿ ಲಿಫ್ಟನ್ನು ಎತ್ತಿ ನೋಡಿ. ಎರಡೂ ಬದಿಯ ಲಾಕ್ (ಭಾರ ಕೆಳಗೆ ಜಾರದಂತೆ ಕಂಬದಲ್ಲಿ ಹಿಡಿಯುವ ಕೊಂಡಿ) ಒಟ್ಟಿಗೇ ‘ಟಕ್’ ಎನ್ನಬೇಕು. ಒಂದು ತಡವಾದರೆ, ಎರಡೂ ಬದಿಯನ್ನು ಸಮವಾಗಿ ಏರಿಸುವ ಸಮತೋಲನದ ಕೇಬಲ್ ಸಡಿಲಾಗಿದೆ ಎಂದೇ ಮೊದಲ ಅನುಮಾನ. ಕಂಪನಿಯ ಕೈಪಿಡಿಯಂತೆ ಕೇಬಲ್ಲಿನ ನಟ್ಟು ಬಿಗಿಸಿ. ಕೇಬಲ್ಲಿನ ಎಳೆ ಕಿತ್ತಿದ್ದರೆ ಬಿಗಿಸುವುದಲ್ಲ, ಬದಲಿಸಬೇಕು.

ಬುಡದ ಬೋಲ್ಟುಗಳನ್ನೂ ನೋಡಿ. ನಿಮ್ಮ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಕಾಂಕ್ರೀಟು ತೆಳುವಿದ್ದರೆ ಸೀಳಿ ಕಂಬ ವಾಲುತ್ತದೆ. ಬಿರುಕು ಬೋಲ್ಟಿನ ಹತ್ತಿರವೇ ಇದ್ದರೆ ಲಿಫ್ಟ್ ನಿಲ್ಲಿಸಿ, ನೆಲ ಮಾಡಿಸಿ.

ಎತ್ತುವಾಗ ತೋಳಿನ ತುದಿಯ ಪ್ಯಾಡು ಕಾರಿನ ಕಂಪನಿ ಹೇಳಿದ ಜಾಗಕ್ಕೇ ಕೂರಲಿ. ಚಕ್ರ ನೆಲ ಬಿಟ್ಟ ಕೂಡಲೇ ನಿಲ್ಲಿಸಿ, ಬಂಪರ್ ಹಿಡಿದು ಅಲುಗಾಡಿಸಿ. ಬೇಕಾದ ಎತ್ತರಕ್ಕೆ ಹೋದ ಮೇಲೆ ಲಾಕಿನ ಮೇಲೆ ಕೂರುವಷ್ಟು ಇಳಿಸಿ; ಭಾರ ಎಣ್ಣೆಯ ಒತ್ತಡದ ಮೇಲೆ ನಿಲ್ಲಬಾರದು. ಗೇರ್‌ಬಾಕ್ಸ್ ಬಿಚ್ಚುವಾಗ ಮುಂಭಾಗ ಹಗುರಾಗಿ ಕಾರು ಹಿಂದಕ್ಕೆ ವಾಲಬಹುದು, ಬಿಚ್ಚುವ ಮೊದಲೇ ಹಿಂದೆ ಎತ್ತರದ ಸ್ಟ್ಯಾಂಡ್ ಕೊಡಿ. ಇಳಿಸಲು ಮೊದಲು ತುಸು ಎತ್ತಿ, ಎರಡೂ ಲಾಕ್ ಬಿಡಿಸಿ.